ಗಡ್ಡೆಗೆ ದೇವಿ ಹಾಕಲು ಬಂದವರು

೧೯೪೧ರ ಬೇಸಿಗೆ. ಆನೆಗೊಂದಿಯ ಬಂಡೆಗುಡ್ಡ, ಕುರುಚಲು ಕಾಡು ದಾಟಿ, ಹರಿಗೋಲು ಹತ್ತಿ ಹೊಳೆಯ ನಡುಗಡ್ಡೆಗೆ ಹೊರಟಿದ್ದೆವು. ಸಿಡುಬು ಬಾರದಂತೆ ದೇವಿ ಹಾಕುವ ಸಾಹೇಬರು ಮುಂದೆ, ಪೆಟ್ಟಿಗೆ ಹೊತ್ತ ನಾನು ಹಿಂದೆ. ದಾರಿ ಮುಗಿದಲ್ಲೆಲ್ಲ ಅವರದು ಒಂದೇ ಮಾತು: "ನಡೀರಿ, ಅಲ್ಲೂ ಮಕ್ಕಳದಾವ."

ಗಡ್ಡೆಯ ಬೆಸ್ತರ ಕೇರಿಯಲ್ಲಿ ಆಗಲೇ ಒಂದು ಮನೆಗೆ ಸಿಡುಬು ಬಂದಿತ್ತು. ಪಕ್ಕದ ಮನೆಯ ಮುದುಕಿ ಮೊಮ್ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅಡ್ಡ ನಿಂತಳು.

"ಅಮ್ಮ ಬಂದಾಳ. ಒಗ್ಗರಣಿ ಉಂಡವರು ಕೇರಿಯೊಳಗ ಕಾಲಿಡಬಾರದು. ಪ್ಯಾಟಿ ಮಂದಿ ನಾಲಿಗಿ ಸುಮ್ಮನಿರತೈತೇನು?"

"ಸುದ್ದಿ ಕೇಳಿದಾಗಿಂದ ನಾನೂ ಒಗ್ಗರಣಿ ಬಿಟ್ಟೀನಿ, ನೋಡವ್ವಾ" ಎಂದು ಸಾಹೇಬರು ಬುತ್ತಿ ಬಿಚ್ಚಿದರು. ಒಣ ರೊಟ್ಟಿ, ಬರೀ ಮೊಸರು.

ಮುದುಕಿ ಬಗ್ಗಿ ಮೂಸಿದಳು. "ಇದನ್ನ ಕಟ್ಟಿದಾಕಿಗೆ ನಿಮ್ಮ ಮ್ಯಾಲೆ ಭಾಳ ಸಿಟ್ಟು ಇರಬೇಕು" ಎಂದು ನಕ್ಕು, ಸೆರಗು ಸರಿಸಿ ಮೊಮ್ಮಗಳ ತೋಳನ್ನು ಮುಂದೆ ಹಿಡಿದಳು.