ಶಶಿರೇಖಾಳ ಬೀಳ್ಕೊಡುಗೆ ಸಭೆ

ಹಾಗಲವಾಡಿಯ ಶಶಿರೇಖಾ ಊರ ಕೆರೆಯಲ್ಲಿ ಈಜು ಕಲಿತವಳು, ದೇವರಾಯನದುರ್ಗದ ಏರಿನಲ್ಲಿ ಓಡಿ ಕಾಲು ಗಟ್ಟಿ ಮಾಡಿಕೊಂಡವಳು. ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನೇ ಅವಳ ಹೊಟ್ಟೆಪಾಡು. ಗೋವಾ, ವಿಶಾಖಪಟ್ಟಣ ಎಂದು ವರ್ಷವಿಡೀ ಪಂದ್ಯಗಳಿಗೆ ಅಲೆಯುತ್ತಿದ್ದಳು.

೨೦೦೪ರಲ್ಲಿ ಅವಳು ಮಧ್ಯಾಹ್ನ ಒಂದರ ರೈಲಿಗೆ ಚೆನ್ನೈ ಪಂದ್ಯಕ್ಕೆ ಹೊರಟ ದಿನವೇ ನಮ್ಮ ತಾಲ್ಲೂಕು ಕೇಂದ್ರ ಗುಬ್ಬಿಯವರಿಗೆ ಬೀಳ್ಕೊಡುಗೆ ಸಭೆ ಮಾಡುವ ಹುಕಿ ಬಂತು. "ಹತ್ತೇ ನಿಮಿಷ ಕಣಮ್ಮ, ಒಂದು ಶಾಲು ಅಷ್ಟೇ" ಎಂದು ಅವಳನ್ನು ಒಪ್ಪಿಸಿದ ಮೂರ್ಖ, ಅವಳ ಕೋಚ್ ಆದ ನಾನೇ. ಹತ್ತು ಗಂಟೆಯ ಸಭೆಗೆ ಮುಖ್ಯ ಅತಿಥಿಗಳು ದಯಮಾಡಿಸಿದ್ದು ಹನ್ನೆರಡೂವರೆಗೆ. ಅವರು ಬರದೆ ಶಾಲು ಹೊದಿಸುವಂತಿಲ್ಲ, ಶಾಲು ಹೊದಿಸದೆ ಅವಳು ಏಳುವಂತಿಲ್ಲ! ಬಿಚ್ಚಿ ಪೆಟ್ಟಿಗೆಗೆ ತುಂಬಿದ್ದ ಸೈಕಲ್ಲಿಗೂ ಹಾರ ಹಾಕಿ ವೇದಿಕೆಯ ಮೇಲೆ ಕೂರಿಸಿದ್ದರು. ಒಂದು ಗಂಟೆಗೆ ಅತಿಥಿಗಳು "ಈಕೆ ಗಾಳಿಗಿಂತ ವೇಗ" ಎಂದು ಭಾಷಣ ಬಿಗಿಯುತ್ತಿರುವಾಗಲೇ ಸ್ಟೇಷನ್ ಕಡೆಯಿಂದ ರೈಲು ಕೂಗಿತು. ಅದು ತಪ್ಪಿದರೆ ಪಂದ್ಯವೂ ತಪ್ಪಿದಂತೆ.

ಶಶಿರೇಖಾ ಎದ್ದಳು. ತಟ್ಟೆಯಲ್ಲಿದ್ದ ಶಾಲನ್ನು ಅತಿಥಿಗಳ ಕೈಗೆ ತುರುಕಿ ಮೈಕ್ ಕಿತ್ತುಕೊಂಡಳು.

"ಇವತ್ತು ಟೈಮಿಗೆ ಸರಿಯಾಗಿ ಬಂದಿದ್ದು ಆ ರೈಲೊಂದೇ. ಓಡೋಗಿ ಇದನ್ನ ಅದಕ್ಕೇ ಹೊದ್ಸಿ."