ಅಕ್ಕನ ಕಿಡ್ನಿ, ನನ್ನ ಓಟ

ಗಾದಿಗನೂರಿನ ಶಾಲೆಯಲ್ಲಿ ಶಿಕ್ಷಕಿಯಾಗಿದ್ದಾಗ ನನ್ನ ಎರಡೂ ಕಿಡ್ನಿಗಳು ಕೆಟ್ಟವು. ಬಳ್ಳಾರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದ ದಿನ ಹೊಸಪೇಟೆಯ ನಮ್ಮ ಮನೆಯ ಮೆಟ್ಟಿಲು ಹತ್ತಲೂ ಗೋಡೆ ಹಿಡಿಯಬೇಕಿತ್ತು. ಕಂಪ್ಲಿಗೆ ಮದುವೆಯಾಗಿ ಹೋಗಿದ್ದ ಅಕ್ಕ ಒಂದು ದಿನ ಬಂದು ನನ್ನ ಮಂಚದ ಮೇಲೆ ಕುಳಿತಳು.

"ನಂದೊಂದು ತಗೋ. ಎರಡ್ ಇಟ್ಕೊಂಡು ನಾ ಏನ್ ಮಾಡ್ಲಿ?" ಎಂದಳು.

ಭತ್ತದ ಗದ್ದೆಯಲ್ಲಿ ದುಡಿಯುವ ಸೊಸೆ ಇನ್ನು ಸೊಂಟ ಬಗ್ಗಿಸಲಾರಳು ಎಂದು ಹೆದರಿ ಅವಳ ಅತ್ತೆ ಮಾತು ಬಿಟ್ಟರು. ಅಕ್ಕ ಜಗ್ಗಲಿಲ್ಲ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅವಳ ಕಿಡ್ನಿ ನನ್ನ ಹೊಟ್ಟೆಯ ಬಲಗಡೆ ಸೇರಿ ಕೆಲಸ ಶುರುಮಾಡಿತು.

ಆಗ ಗಣಿಗಾರಿಕೆ ಜೋರಾಗಿತ್ತು. ಸಂಡೂರಿನ ಕಡೆಯಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಹೊಸಪೇಟೆಯಲ್ಲಿ ಅಂಗಡಿ ಬೋರ್ಡಿನ ಮೇಲೂ ಒಣಹಾಕಿದ ಬಟ್ಟೆಯ ಮೇಲೂ ಕೆಂಪು ಧೂಳು. ಧೂಳಿನಿಂದ ದೂರವಿರಿ ಎಂದು ಡಾಕ್ಟರು ಹೇಳಿದ್ದರಿಂದ ಮಾಸ್ಕ್ ಕಟ್ಟಿಕೊಂಡೇ ಮತ್ತೆ ಶಾಲೆಗೆ ಹೋಗತೊಡಗಿದೆ. ಒಂದು ಬೆಳಿಗ್ಗೆ ನಾನು ಸ್ಟಾಪ್ ಮುಟ್ಟುವಷ್ಟರಲ್ಲಿ ಬಸ್ಸು ಹೊರಟಿತ್ತು. ಯೋಚಿಸದೆ ಓಡಿದೆ.

"ಜಲ್ದಿ ಬರ್ರಿ ಟೀಚರ್!" ಎಂದು ಕಂಡಕ್ಟರ್ ಬಾಗಿಲು ತೆರೆದು ಹಿಡಿದ.

ಸೀಟಿನಲ್ಲಿ ಕುಳಿತ ಮೇಲೆ ಅರಿವಾಯಿತು. ಏದುಸಿರು ಬರುತ್ತಿತ್ತು, ಆದರೆ ತಲೆ ಸುತ್ತಿರಲಿಲ್ಲ, ಕಾಲು ಸೋತಿರಲಿಲ್ಲ. ಮಾಸ್ಕಿನೊಳಗೆ ಒಬ್ಬಳೇ ನಗುತ್ತ ಗಾದಿಗನೂರು ತಲುಪಿದೆ.

ಮುಂದಿನ ತಪಾಸಣೆಯಲ್ಲಿ, ಓಡಬಹುದೇ ಎಂದು ಡಾಕ್ಟರನ್ನು ಕೇಳಿದೆ. "ಓಡಿ. ನಿಧಾನವಾಗಿ ಶುರುಮಾಡಿ. ನೀರು ಕುಡಿಯಿರಿ, ಮಾತ್ರೆ ತಪ್ಪಿಸಬೇಡಿ, ಹೊಟ್ಟೆಗೆ ಪೆಟ್ಟು ಬೀಳದ ಹಾಗೆ ನೋಡಿಕೊಳ್ಳಿ" ಎಂದರು.

ಲಾರಿಗಳು ಬಾರದ ಜಾಗವೆಂದರೆ ಬಾಳೆತೋಟಗಳ ನಡುವಿನ ಕಾಲುವೆ ದಂಡೆ. ಮೊದಮೊದಲು ಒಂದು ತೋಟದ ಅಂಚಿನಿಂದ ಇನ್ನೊಂದರ ಅಂಚಿನವರೆಗೆ ಓಡಿ, ಅಷ್ಟೇ ದೂರ ನಡೆಯುತ್ತಿದ್ದೆ. ಬಟ್ಟೆ ಒಗೆಯುವ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. "ಯಾಕ್ರಿ ಟೀಚರ್, ಯಾರರ ಬೆನ್ನ್ ಹತ್ಯಾರೇನ್ರಿ?" ಎಂದು ಒಬ್ಬಾಕೆ ಕೂಗಿದರೆ ಉಳಿದವರೆಲ್ಲ ನಗುವರು. ಉತ್ತರ ಕೊಡುವಷ್ಟು ಉಸಿರು ನನ್ನಲ್ಲಿ ಇರುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಓಡುತ್ತಲೇ ಉತ್ತರ ಕೊಡುವಂತಾದೆ.

ಊರಿಗೆ ಬಂದಿದ್ದ ಅಕ್ಕ ನನ್ನ ಓಟ ನೋಡಿ ಗಾಬರಿಯಾದಳು.

"ಏ, ನಿಲ್ಲೇ! ಅದು ಅಲ್ಲಾಡಿ ಬಿದ್ದೀತು!"

"ನೀ ಗದ್ದಿಯೊಳಗ ದಿನಾ ದುಡೀತಿ. ನಿಂದು ಬಿದ್ದೈತೇನು?"

"ನಂದು ಹುಟ್ಟಿದಾಗಿಂದ ಅಲ್ಲೇ ಐತಿ. ನಿಂದು ಮೊನ್ನೆ ಬಂದದ್ದು!"

ಮರುದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳೇ ನನ್ನ ಹಿಂದೆ ಹೊರಟಳು. ನಾನು ಓಡುತ್ತಿದ್ದೆ, ಅವಳು ನಡೆಯುತ್ತಿದ್ದಳು. ಆದರೂ ನನಗೆ ಅವಳನ್ನು ಬಹಳ ಹಿಂದೆ ಬಿಡಲಾಗಲಿಲ್ಲ.

ಅಂಗಾಂಗ ಪಡೆದವರಿಗೂ ಕೊಟ್ಟವರಿಗೂ ಬೆಂಗಳೂರಿನಲ್ಲಿ ಓಟದ, ನಡಿಗೆಯ ಸ್ಪರ್ಧೆಗಳಿವೆಯೆಂದು ಡಾಕ್ಟರಿಂದಲೇ ತಿಳಿಯಿತು. ಇಬ್ಬರೂ ಹೋದೆವು. ಕೊಟ್ಟವರ ವೇಗದ ನಡಿಗೆಯಲ್ಲಿ ಅಕ್ಕ ಸೀರೆಯುಟ್ಟು, ನನ್ನ ಹಳೆಯ ಶೂ ಹಾಕಿಕೊಂಡು ಎಲ್ಲರಿಗಿಂತ ಮುಂದೆ ಬಂದಳು. ಗೆದ್ದದ್ದು ಗೊತ್ತಾಗದೆ ಇನ್ನೂ ನಡೆಯುತ್ತಲೇ ಇದ್ದಳು. ಯಾರೋ ಹಿಡಿದು ನಿಲ್ಲಿಸಿದರು.

ನನ್ನ ಓಟದಲ್ಲಿ ಅರ್ಧ ದೂರ ಹಿಂದೆಯೇ ಇದ್ದೆ. ಕೊನೆಯ ತಿರುವಿನಲ್ಲಿ ಅಕ್ಕನ ದನಿ ಮೈದಾನಕ್ಕೆಲ್ಲ ಕೇಳಿಸಿತು. "ಓಡ್, ಓಡ್! ನಿಲ್ಲಬ್ಯಾಡ!" ಮುಂದಿದ್ದವಳನ್ನು ಗೆರೆಯ ಹತ್ತಿರ ದಾಟಿ ಎರಡನೆಯವಳಾದೆ. ಕೊರಳಿಗೆ ಪದಕ ಬಿದ್ದಾಗ, ಕಾಯಿಲೆ ಬಿದ್ದ ಮೈಯ ಬಗ್ಗೆ ನಾಚಿಕೆಪಟ್ಟು ಬದುಕಿದ ವರ್ಷಗಳ ನಂತರ ಮೊದಲ ಸಲ ತಲೆಯೆತ್ತಿ ನಿಂತೆ. ಕಂಪ್ಲಿಯಲ್ಲಿ ಅಕ್ಕನ ಅತ್ತೆ ಎರಡೂ ಪದಕಗಳನ್ನು ಓಣಿಯವರಿಗೆಲ್ಲ ತೋರಿಸಿದರು. "ನಮ್ಮ ಸೊಸಿದು ಬಂಗಾರದ ಬಣ್ಣದ್ದು, ನೋಡ್ರಿ" ಎನ್ನುತ್ತಿದ್ದರು.

ಆ ಚಳಿಗಾಲ ಹೊಸಪೇಟೆಯಿಂದ ಹೊರಟು, ಕಡ್ಡಿರಾಂಪುರ ದಾಟಿ, ಎಲ್ಲಿಯೂ ನಿಲ್ಲದೆ ಹಂಪಿಯವರೆಗೆ ಓಡಿದೆ. ಗೋಪುರದೆದುರು ಕುಳಿತು ಅಕ್ಕನಿಗೆ ಫೋನ್ ಮಾಡಿದೆ.

"ಮುಟ್ಟೀನಿ" ಎಂದೆ.

"ಮಸ್ತ್! ಮೊದ್ಲ ನೀರ್ ಕುಡಿ" ಎಂದಳು.