ಮೊದಲ ಇಂಚಿಲ್ಲದ ಟೇಪು

ಇದರಲ್ಲಿ ಒಂದೆರಡು ಸಂಗತಿ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ಬಸ್ಸು ಹಸಿರು ಬಣ್ಣದ್ದೆಂದು ನನ್ನ ನೆನಪು, ನೀಲಿಯೆಂದು ತಮ್ಮನ ವಾದ. ದಿನವೂ ಡೈರಿ ಬರೆಯುವವಳಾದರೂ ಆ ವರ್ಷಗಳದ್ದು ನನ್ನಲ್ಲಿಲ್ಲ. ಇದ್ದಿದ್ದರೂ ಹತ್ತು ವರ್ಷದ ಹುಡುಗಿಯ ಬರಹವನ್ನು ನಂಬುತ್ತಿದ್ದೆನೆಂದು ಹೇಳಲಾರೆ. ಎಂ.ಎ. ಓದಿ ನಾನು ಕಲಿತದ್ದು ಮುಖ್ಯವಾಗಿ ಅನುಮಾನಪಡುವುದನ್ನು.

ಆದರೆ ಮೊನ್ನೆ ಗುಂಡಿ ಹುಡುಕುವಾಗ ಡಬ್ಬಿಯ ತಳದಲ್ಲಿ ಸಿಕ್ಕಿದ್ದು ಅಮ್ಮನ ಅಳತೆ ಟೇಪೇ, ಅದರಲ್ಲಿ ಅನುಮಾನವಿಲ್ಲ. ಅದಕ್ಕೆ ಮೊದಲ ಇಂಚು ಇಲ್ಲ. ಹರಿದದ್ದನ್ನು ಅಮ್ಮ ನೀಟಾಗಿ ಕತ್ತರಿಸಿದ್ದಳು. ಹೊಸದು ಕೊಳ್ಳುವ ಬದಲು ಪ್ರತಿ ಅಳತೆಯಲ್ಲೂ ಒಂದು ಕಳೆದು ಬರೆಯುವುದು ನಮ್ಮ ಮನೆಯ ಪದ್ಧತಿಯಾಯಿತು.

ಅರವತ್ತರ ದಶಕ. ನಾವಿದ್ದದ್ದು ಹೊಸನಗರದಲ್ಲಿ. ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟ್. ಅಮ್ಮ ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದಳು. ಮೂವತ್ತು ದಾಟಿ, ಎರಡು ಮಕ್ಕಳಾದ ಮೇಲೆ, ಒಂದು ದಿನ ಸಾರಿಗೆ ಒಗ್ಗರಣೆ ಹಾಕುತ್ತಾ, ತೀರ್ಥಹಳ್ಳಿಯಲ್ಲಿ ಹೆರಿಗೆ ಮಾಡಿಸುವ ತರಬೇತಿಗೆ ಅರ್ಜಿ ಹಾಕಿದ್ದೇನೆ ಎಂದಳು. ತಮ್ಮ ಹುಟ್ಟುವಾಗ ನರ್ಸಮ್ಮನ ಕೈಚಳಕ ನೋಡಿದಂದಿನಿಂದ ಅದು ಅವಳ ತಲೆಯಲ್ಲಿ ಕೂತಿತ್ತಂತೆ.

ತರಬೇತಿಯಲ್ಲಿ ಕೊಡುವ ಹಣ ಅವಳ ಊಟಕ್ಕೆ ಸಾಕಾಗುತ್ತಿತ್ತು. ನಮ್ಮ ಊಟಕ್ಕೆ ರವಿಕೆಯೇ ಗತಿ. ಹಾಗಾಗಿ ಕೈಮೆಷಿನ್ನನ್ನು ತೊಡೆಯ ಮೇಲಿಟ್ಟುಕೊಂಡೇ ಅಮ್ಮ ಬಸ್ಸು ಹತ್ತಿದಳು. ಅಪ್ಪ ಹೆಂಗಸರ ಅಳತೆ ತೆಗೆಯುವಂತಿರಲಿಲ್ಲವಲ್ಲ, ಆ ಕೆಲಸ ನನ್ನದಾಯಿತು. ಬಟ್ಟೆ, ಅಳತೆಯ ಚೀಟಿ ತುಂಬಿದ ಚೀಲ ಡ್ರೈವರನ ಸೀಟಿನ ಹಿಂದೆ ತೀರ್ಥಹಳ್ಳಿಗೆ ಹೋಗುತ್ತಿತ್ತು. ಮೂರ್ನಾಲ್ಕು ದಿನಕ್ಕೆ ಹೊಲಿದ ರವಿಕೆಗಳು ಅದೇ ದಾರಿಯಲ್ಲಿ ಬರುತ್ತಿದ್ದವು. ನಾನು ಟೇಪನ್ನು ಕೊರಳಿಗೆ ಹಾಕಿಕೊಂಡೇ ಶಾಲೆಗೂ ಹೋಗುತ್ತಿದ್ದೆ. ಅಷ್ಟು ಜಂಬ ನಿಜಕ್ಕೂ ಇತ್ತೋ, ಈಗ ಸೇರಿಸುತ್ತಿದ್ದೇನೋ.

ಅಷ್ಟರಲ್ಲಿ ಸಾಗರದಿಂದ ಶಾಂತತ್ತೆ, ಅಪ್ಪನ ತಂಗಿ, ಹೆರಿಗೆಗೆಂದು ತವರಿಗೆ ಬಂದಳು. ಬಾಣಂತನ ಮಾಡಬೇಕಾದ ಅತ್ತಿಗೆಯೇ ಮನೆಯಲ್ಲಿಲ್ಲ!

"ಊರೋರ ಹೆರಿಗೆ ಕಲಿಯಕ್ಕೆ ಹೋಗಿದಾರೆ ಅತ್ತಿಗೆ. ಮನೇದು ಯಾರು ಮಾಡಸ್ಬೇಕು, ಬಸ್ ಕಂಡಕ್ಟರಾ?" ಎಂದು ದಿನಕ್ಕೆರಡು ಸಲವಾದರೂ ಕೇಳುತ್ತಿದ್ದಳು. ಈ ವಯಸ್ಸಲ್ಲಿ ಬಾಣಂತನ ನನ್ನ ಕೈಲಾಗಲ್ಲ ಎಂದು ಅಪ್ಪನ ಅಮ್ಮ, ನಮ್ಮಜ್ಜಿಯೂ ದನಿಗೂಡಿಸಿದಳು. ಇಬ್ಬರ ಮಾತು ಬಂದಾಗಲೂ ಅಪ್ಪನಿಗೆ ಬಸ್ಸು ಕಳಿಸುವ ಹೊತ್ತಾಗಿಬಿಡುತ್ತಿತ್ತು. ಕೊನೆಗೆ ಅಮ್ಮನಿಂದ ಕಾಗದ ಬಂತು: ಓದು ಬಿಟ್ಟು, ಭಾನುವಾರ ಮೆಷಿನ್ ಸಮೇತ ಬರುತ್ತೇನೆ.

ಆ ಗುರುವಾರ ಅತ್ತೆ ಒಂದು ರವಿಕೆ ತಂದು ನನ್ನ ಮುಂದೆ ಎಸೆದಳು. "ಹೋದ ತಿಂಗಳು ಹೊಲ್ದಿದ್ದು, ತೋಳು ಏರಲ್ಲ. ಓದಕ್ಕೆ ಹೋದೋರಿಗೆ ಹೊಲಿಗೆ ಮರ್ತೋಗಿದೆ. ಅಳತೆ ಬರ್ದು ಕಳ್ಸು, ಬಿಚ್ಚಿ ಕೊಡ್ಲಿ." ತೋಳೊಂದನ್ನೇ ಅಳೆದೆ. ಚೀಟಿಯಲ್ಲಿ ಹನ್ನೆರಡು ಎಂದು ಬರೆದು ರವಿಕೆಯ ಜೊತೆ ಬಸ್ಸಿಗೆ ಕೊಟ್ಟೆ. ತೀರ್ಥಹಳ್ಳಿಯಲ್ಲಿ ಅಮ್ಮನ ಬಳಿಯಿದ್ದ ಅಳತೆ ಪುಸ್ತಕದಲ್ಲಿ ಅತ್ತೆಯ ಹಿಂದಿನ ತಿಂಗಳ ತೋಳು ಹನ್ನೊಂದು ಎಂದಿತ್ತು.

ಮರುದಿನವೇ ಅಮ್ಮ ಬಂದಳು. ಮೆಷಿನ್ ಇಲ್ಲ, ರವಿಕೆಯೂ ಇಲ್ಲ. ಚಪ್ಪಲಿ ಬಿಡುವ ಮೊದಲೇ ಅತ್ತೆಯನ್ನು ಕೂರಿಸಿ ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಗುಳಿ ಬಿತ್ತೋ ಇಲ್ಲವೋ ನನಗೆ ಕಾಣಲಿಲ್ಲ, ಅಜ್ಜಿ ಅಡ್ಡ ನಿಂತಿದ್ದಳು. ತಲೆನೋವಿದೆಯೇ, ಕಣ್ಣು ಮಂಜಾಗುತ್ತದೆಯೇ ಎಂದೆಲ್ಲ ಅಮ್ಮ ಕೇಳಿದಳು.

"ಟೈಲರಾಗಿ ಬಂದ್ರಾ ಅತ್ತಿಗೆ, ಡಾಕ್ಟರಾಗಿ ಬಂದ್ರಾ?"

"ಎರಡೂ ಅಲ್ಲ ಮಾರಾಯ್ತಿ. ಒಂದು ತಿಂಗಳಲ್ಲಿ ತೋಳು ಒಂದಿಂಚು ಊದಿದೆ. ಈ ದಿನದಲ್ಲಿ ಮೈ ಬಾತರೆ ನಿನಗೂ ಅಪಾಯ, ಮಗುಗೂ ಅಪಾಯ. ಹೊರಡು, ಬಸ್ ನಿಂತಿದೆ."

ಅಪ್ಪ ಜೀವಮಾನದಲ್ಲಿ ಬಸ್ಸನ್ನು ಹೊತ್ತು ಮೀರಿ ನಿಲ್ಲಿಸಿಕೊಂಡದ್ದು ಅದೊಂದೇ ಸಲ.

ಹೆರಿಗೆಯಾಗುವವರೆಗೂ ಅತ್ತೆಯನ್ನು ತೀರ್ಥಹಳ್ಳಿಯ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಸರಳಾ ಸುಖವಾಗಿ ಹುಟ್ಟಿದಳು. ಡಾಕ್ಟರು ಏನಂದರೆಂದು ಮಕ್ಕಳಾದ ನಮಗೆ ಯಾರೂ ಹೇಳಲಿಲ್ಲ. ಮನೆಗೆ ಬಂದ ಅತ್ತೆ ಮಾತ್ರ ಅಜ್ಜಿಯ ಮುಂದೆ ನಿಂತು, "ಅತ್ತಿಗೆ ಓದು ಮುಗಿಸ್ಲಿ. ಎಣ್ಣೆನೀರು ನಾನೇ ಹಾಕ್ಕೋತೀನಿ" ಎಂದಳು. ಭಾನುವಾರಗಳು ಬಂದು ಹೋದವು, ಮೆಷಿನ್ ತೀರ್ಥಹಳ್ಳಿಯಲ್ಲೇ ಉಳಿಯಿತು. ಆಮೇಲೆ ಅಮ್ಮ ಲಾಂಚು ಹತ್ತಿ ಹಿನ್ನೀರಿನ ಆಚೆ ದಡದ ತುಮರಿಯವರೆಗೂ ಹೋಗಿ ಹೆರಿಗೆ ಮಾಡಿಸಿದಳು. ಒಂದು ಚೀಟಿ ಎರಡು ಜೀವ ಉಳಿಸಿತೆಂದು ಈಗಲೂ ನಮ್ಮ ಮದುವೆಮನೆಗಳಲ್ಲಿ ಹೇಳುತ್ತಾರೆ. ನಾನೂ ತಲೆ ಬಾಗಿಸಿ ಆ ಹೊಗಳಿಕೆಯ ಪಾಲು ತೆಗೆದುಕೊಂಡಿದ್ದೇನೆ.

ಆದರೆ ಮೊನ್ನೆ ಟೇಪು ಕೈಗೆ ಬಂದಾಗ ಒಂದು ಅನುಮಾನ ಹೊಕ್ಕಿತು. ಹನ್ನೆರಡು ಎಂಬುದು ಟೇಪಿನಲ್ಲಿ ಕಂಡದ್ದೋ, ಒಂದು ಕಳೆದ ಮೇಲೆ ಉಳಿದದ್ದೋ? ಅಳೆಯುವಾಗ ಅತ್ತೆ ಬೈಯುತ್ತಿದ್ದಳು, ನಾನು ನಗು ತಡೆದುಕೊಳ್ಳುತ್ತಿದ್ದೆ. ಆ ಒಂದಿಂಚು ಕಳೆದು ಬರೆದ ನೆನಪು ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಅಮ್ಮನ ಇಡೀ ಬಾಳು ನನ್ನ ತಪ್ಪು ಲೆಕ್ಕದ ಮೇಲೆ ನಿಂತಿದ್ದರೆ? ಹಾಗಿದ್ದರೂ ಅವಳೇನೂ ಕಡಿಮೆಯಾಗುವುದಿಲ್ಲ ಎಂದುಕೊಂಡೆ. ಒಂದಿಂಚಿಗೆ ಓಡಿಬಂದವಳಲ್ಲವೇ.

ಆದರೂ ಟೇಪು ಹಿಡಿದು ಸಾಗರಕ್ಕೆ ಹೋಗಿ ಅತ್ತೆಯನ್ನು ಕೇಳಿಯೇಬಿಟ್ಟೆ. ಅತ್ತೆ ಟೇಪನ್ನು ತನ್ನ ತೆಳ್ಳಗಾದ ತೋಳಿಗೆ ಒಮ್ಮೆ ಸುತ್ತಿ ನೋಡಿ, ಸುರುಳಿ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಸರಳಾಳಿಗೆ ಕಾಫಿ ತರಲು ಹೇಳಿದಳು. ಟೇಪು ಈಗಲೂ ಅವಳ ಹತ್ತಿರವೇ ಇದೆ. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನಿನ್ನ ತೋಳು ನಿಜವಾಗ್ಲೂ ಊದಿತ್ತಾ?"